ಖಾಕಿ ಬಟ್ಟೆಯ ಮಡಿ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಪಯಣಿಸಿದವರಿಗೆ ಮಲವಗೊಪ್ಪ ಅಪರಿಚಿತ ಊರೇನಲ್ಲ. ಒಂದು ಕಾಲಕ್ಕೆ ಕಬ್ಬಿನ ಗಾಡಿಗಳ ಸಾಲಿನಿಂದ ಗುರುತು ಸಿಗುತ್ತಿದ್ದ ಊರು. ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಈಗ ನಗರದ ಒಂದು ಬಡಾವಣೆಯಂತೆ ಬೆಳೆದುಕೊಂಡಿದೆ. ಇದೇ ಹೆದ್ದಾರಿಯ ಮೇಲಿನ ಮಾಚೇನಹಳ್ಳಿಯಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ ನೆಲೆಯಿದೆ. ಆದುದರಿಂದ ನಮ್ಮ ಕಡೆಯ ಹಿತ್ತಿಲುಗಳಲ್ಲಿ ತಂತಿಯ ಮೇಲೆ ಖಾಕಿ ಬಟ್ಟೆ ಒಣಗುವುದು ದಿನನಿತ್ಯದ ನೋಟ.

2020ರ ಬೇಸಿಗೆಯಲ್ಲಿ ಕಂಡ ಒಂದು ದೃಶ್ಯ ನನ್ನ ಮನಸ್ಸಿನಲ್ಲಿ ಉಳಿದಿದೆ. ಕೊರೋನಾ ಜಾಡ್ಯದ ಮೊದಲ ದಿನಗಳು. ನೆರೆಮನೆಯ ಪೊಲೀಸ್ ತರುಣ ಕರ್ತವ್ಯ ಮುಗಿಸಿ ಬಂದವನು ಮನೆಯೊಳಕ್ಕೆ ಕಾಲಿಡದೆ, ಹಿತ್ತಿಲಲ್ಲಿಯೇ ನಿಂತು ಸಮವಸ್ತ್ರ ಕಳಚಿ ಬಕೀಟಿನ ಸೋಪಿನ ನೀರಿನಲ್ಲಿ ಅದ್ದುತ್ತಿದ್ದ. ಅವನ ವೃದ್ಧ ತಾಯಿ ಬಾಗಿಲಲ್ಲಿ ನಿಂತು ಹೇಳಿದರು: “ತಣ್ಣೀರಲ್ಲಿ ಅದ್ದಿದ್ರೆ ಏನಾಯ್ತದೋ ಮಗಾ? ಹಿಂದೆ ಅಮ್ಮ ಬಂದಾಗ ಹೆಂಗ್ ಮಾಡ್ತಿದ್ರೋ ಹಂಗೇ ಮಾಡು. ಉಬ್ಬೆಗೆ ಹಾಕು.” ಮಗನಿಗೆ ಉಬ್ಬೆಯೆಂದರೇನೆಂಬುದೇ ತಿಳಿದಿರಲಿಲ್ಲ. ಅವನು ನಕ್ಕು ಸುಮ್ಮನಾದ. ನಾನು ಮಾತ್ರ ಸುಮ್ಮನಾಗಲು ಆಗಲಿಲ್ಲ. ಆ ತಾಯಿ ಕೇಳಿದ್ದು ಸರಿಯಾದ ಪ್ರಶ್ನೆ ಎನಿಸಿತು. ಬಟ್ಟೆಯನ್ನು ಒಗೆದಾಗ ಅದರಲ್ಲಿ ಅಡಗಿದ, ಕಣ್ಣಿಗೆ ಕಾಣದ ರೋಗಾಣು ನಿಜವಾಗಿ ಏನಾಗುತ್ತದೆ? ಸಾಯುತ್ತದೆಯೆ, ನೀರಿನೊಡನೆ ಹೋಗುತ್ತದೆಯೆ, ಅಥವಾ ಪಕ್ಕದ ಬಟ್ಟೆಗೆ ದಾಟಿಕೊಳ್ಳುತ್ತದೆಯೆ?

ಈ ಪ್ರಶ್ನೆಗೆ ಒಂದು ಇತಿಹಾಸವಿದೆ. ಅದರಲ್ಲಿ ಸೈನಿಕರಿದ್ದಾರೆ, ವೈದ್ಯರಿದ್ದಾರೆ. ಇವರಿಬ್ಬರಷ್ಟು ಹೆಸರು ಪಡೆಯದ ಮಡಿವಾಳರೂ ಇದ್ದಾರೆ.

ಮೊದಲು ಬಟ್ಟೆಯ ಮಾತು. ‘ಖಾಕ್’ ಎಂದರೆ ಪಾರಸಿಯಲ್ಲಿ ಧೂಳು. ಧೂಳಿನ ಬಣ್ಣದ್ದು ಖಾಕಿ. 1840ರ ದಶಕದ ಕೊನೆಯಲ್ಲಿ ಪೇಶಾವರದ ಗಡಿಯಲ್ಲಿ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ‘ಗೈಡ್ಸ್’ ದಳದವರು ಈ ಬಣ್ಣವನ್ನು ಮೊದಲು ತೊಟ್ಟರೆಂದು ಸೈನ್ಯದ ಇತಿಹಾಸಕಾರರು ಹೇಳುತ್ತಾರೆ. ನಮ್ಮ ಕರಾವಳಿಯವರು ಇದಕ್ಕೆ ಇನ್ನೊಂದು ಕಥೆಯನ್ನು ಸೇರಿಸುತ್ತಾರೆ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನವರು ನಡೆಸುತ್ತಿದ್ದ ನೇಯ್ಗೆಯ ಕಾರ್ಖಾನೆಗೆ 1851ರಲ್ಲಿ ಬಂದ ಹಾಲ್ಲರ್ ಎಂಬ ನೇಕಾರ, ಗೇರಿನ ಸಿಪ್ಪೆಯ ರಸದಿಂದ ಒಗೆದರೂ ಬಿಡದ ಖಾಕಿ ಬಣ್ಣವನ್ನು ಸಿದ್ಧಪಡಿಸಿದನೆಂದೂ ಅದು ಮುಂದೆ ಪೊಲೀಸರ ಮತ್ತು ಸೈನಿಕರ ಮೈಮೇಲೇರಿತೆಂದೂ ಅಲ್ಲಿಯ ಪರಂಪರೆ. ಮೊದಲಿಗರು ಯಾರೇ ಇರಲಿ, ಈ ಬಣ್ಣದ ಗುಣವೊಂದನ್ನು ನಾವು ಗಮನಿಸಬೇಕು. ಬಿಳಿಯ ಬಟ್ಟೆ ಕೊಳೆಯನ್ನು ತೋರಿಸಿಕೊಡುತ್ತದೆ. ಖಾಕಿ ಅದನ್ನು ಮರೆಮಾಡುತ್ತದೆ. ಅಂಥ ಬಟ್ಟೆಯ ವಿಷಯದಲ್ಲಿ, ಕಂಡ ಕೊಳೆಯೇ ಕಾಣದಿರುವಾಗ ಕಾಣದ ಕೊಳೆಯ ಗತಿ ಏನು?

ಕಾಣದ ಕೊಳೆಗೆ ಕನ್ನಡದಲ್ಲಿ ಹಳೆಯ ಹೆಸರು ಮೈಲಿಗೆ. ಸಿಡುಬಿಗೆ ನಮ್ಮ ಹಿರಿಯರು ‘ಮೈಲಿ’ ಎನ್ನುತ್ತಿದ್ದರು. ಊರೂರಿಗೆ ಬಂದು ಲಸಿಕೆ ಹಾಕುವವರನ್ನು ‘ಮೈಲಿ ಹಾಕುವವರು’ ಎಂದೇ ಕರೆಯುತ್ತಿದ್ದರು. ಮೈಲಿಗೂ ಮೈಲಿಗೆಗೂ ಧಾತು ಒಂದೇ ಎಂದು ವಾದಿಸಲು ನಾನು ಭಾಷಾಶಾಸ್ತ್ರಜ್ಞನಲ್ಲ. ಆದರೆ ಆಡುವವರ ಕಿವಿಯಲ್ಲಿ ಅವೆರಡೂ ಅಕ್ಕಪಕ್ಕದಲ್ಲಿಯೇ ನಿಂತಿದ್ದವು. ಮೈಲಿಗೆಯನ್ನು ಕಳೆಯುವವನು ಮಡಿವಾಳ. ಹನ್ನೆರಡನೆಯ ಶತಮಾನದ ಶರಣರ ನಡುವೆ ಮಡಿವಾಳ ಮಾಚಿದೇವರಿಗೆ ದೊರೆತ ಸ್ಥಾನವನ್ನು ನೆನೆದರೆ, ಬಟ್ಟೆ ಒಗೆಯುವ ಕಾಯಕ ಈ ನಾಡಿನಲ್ಲಿ ಎಂತಹ ಎತ್ತರಕ್ಕೆ ಏರಬಲ್ಲದೆಂಬುದು ತಿಳಿಯುತ್ತದೆ. ಅದೇ ಕಾಯಕದವರನ್ನು ಊರ ಅಂಚಿಗೆ ಸರಿಸಿದ ನಾಡೂ ಇದೇ ಎಂಬುದನ್ನು ಮರೆಯುವಂತಿಲ್ಲ.

ಬಟ್ಟೆಯಿಂದ ಸಿಡುಬು ಹರಡುತ್ತದೆಂಬುದು ವೈರಾಣುವಿನ ಹೆಸರೇ ಇಲ್ಲದ ಕಾಲದಲ್ಲಿಯೂ ಜನರಿಗೆ ಗೊತ್ತಿತ್ತು. ಗೊತ್ತಿದ್ದ ವಿದ್ಯೆಯನ್ನು ಕೆಡುಕಿಗೆ ಬಳಸಿದ ದೃಷ್ಟಾಂತವೂ ಇದೆ. 1763ರಲ್ಲಿ ಉತ್ತರ ಅಮೆರಿಕದ ಫೋರ್ಟ್ ಪಿಟ್ ಎಂಬ ಬ್ರಿಟಿಷ್ ಕೋಟೆಯವರು ಮಾತುಕತೆಗೆಂದು ಬಂದ ಮೂಲನಿವಾಸಿ ಪ್ರತಿನಿಧಿಗಳಿಗೆ ಸಿಡುಬಿನ ಆಸ್ಪತ್ರೆಯ ಎರಡು ಕಂಬಳಿಗಳನ್ನೂ ಒಂದು ಕರವಸ್ತ್ರವನ್ನೂ ಉಡುಗೊರೆಯಾಗಿ ಕೊಟ್ಟರು. ಉಡುಗೊರೆ ಕೊಟ್ಟದ್ದನ್ನು ಕೋಟೆಯಲ್ಲಿದ್ದ ವ್ಯಾಪಾರಿಯೊಬ್ಬ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ಕಂಬಳಿಯಿಂದಲೇ ರೋಗ ಹಬ್ಬಿತೆಂದು ಇಂದು ಸಾಧಿಸುವುದು ಕಷ್ಟ. ಉದ್ದೇಶ ಏನೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಎರಡು ಶತಮಾನಗಳ ಅನಂತರ, 1950ರ ಕೊನೆಯಲ್ಲಿ, ಇಂಗ್ಲೆಂಡಿನ ಬ್ರೈಟನ್ ಪಟ್ಟಣಕ್ಕೆ ನಮ್ಮ ಉಪಖಂಡದಿಂದ ಮರಳಿದ ವಾಯುಪಡೆಯ ಅಧಿಕಾರಿಯೊಬ್ಬರೊಡನೆ ಸಿಡುಬು ಹೊಕ್ಕಿತು. ರೋಗ ತಗುಲಿದವರಲ್ಲಿ ಆಸ್ಪತ್ರೆಯ ದಾದಿಯರಿದ್ದರು. ಅವರೊಡನೆ ಲಾಂಡ್ರಿಯ ಕೆಲಸಗಾರರೂ ಇದ್ದರು. ರೋಗಿಯ ಮುಖವನ್ನೇ ನೋಡದ ಮನುಷ್ಯರನ್ನು ರೋಗಿಯ ಬಟ್ಟೆ ಹುಡುಕಿಕೊಂಡು ಹೋಗಿತ್ತು. ಒಗೆಯುವುದರಿಂದ ವೈರಾಣು ಹೋಗುತ್ತದೆಯೆ ಎಂದು ನಾವು ಕೇಳುತ್ತೇವೆ. ಒಗೆಯುವ ಮೊದಲು ಆ ಗಂಟನ್ನು ಬಿಚ್ಚಿ ಕೊಡಹುವ ಕೈಗಳು ಯಾರವೆಂದು ಕೇಳುವುದಿಲ್ಲ.

ಬಟ್ಟೆಯಲ್ಲಿ ವೈರಾಣು ಎಷ್ಟು ಕಾಲ ಬದುಕೀತು? ನೆದರ್ಲೆಂಡ್ಸಿನ ವಿಜ್ಞಾನಿಗಳು ಸಿಡುಬಿನ ಹಕ್ಕಳೆಗಳನ್ನು ಲಕೋಟೆಯಲ್ಲಿಟ್ಟು, ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿಯೇ ಕಾಪಾಡಿ, 13 ವರ್ಷಗಳ ಮೇಲೂ ಅದರಲ್ಲಿ ಜೀವಂತ ವೈರಾಣು ಇರುವುದನ್ನು ಕಂಡು 1968ರಲ್ಲಿ ವರದಿ ಮಾಡಿದರು. ಬಟ್ಟೆಯನ್ನೇ ಆಧಾರವಾಗಿಟ್ಟುಕೊಂಡ ಪರೀಕ್ಷೆಗಳನ್ನು ನಡೆಸಿದವರು ಅಮೆರಿಕದ ಸಿಡ್ವೆಲ್, ಡಿಕ್ಸನ್ ಮತ್ತು ಅವರ ಸಂಗಡಿಗರು. 1966ರಲ್ಲಿ ಅವರು ಉಣ್ಣೆಯ ಕಂಬಳಿ, ಉಣ್ಣೆಯ ಗ್ಯಾಬರ್ಡಿನ್, ಹತ್ತಿಯ ಹೊದಿಕೆ, ಟವೆಲಿನ ಬಟ್ಟೆ ಇವುಗಳಿಗೆ ಸಿಡುಬಿನ ಲಸಿಕೆಯ ವೈರಾಣುವನ್ನೂ ಪೋಲಿಯೋ ವೈರಾಣುವನ್ನೂ ಬೇರೆಬೇರೆಯಾಗಿ ಹಚ್ಚಿ ಕಾದು ನೋಡಿದರು. ಒಣಹವೆಯಲ್ಲಿ ಉಣ್ಣೆಯ ಮೇಲೆ ಲಸಿಕೆಯ ವೈರಾಣು 14 ವಾರ ಉಳಿಯಿತು. ಪೋಲಿಯೋ ವೈರಾಣು 20 ವಾರ ಉಳಿಯಿತು. ಹತ್ತಿಯ ಮೇಲೆ ಎರಡೂ ಬಹು ಬೇಗ ನಾಶವಾದವು. ಹವೆಯಲ್ಲಿ ತೇವ ಹೆಚ್ಚಿದಾಗ ಉಣ್ಣೆಯ ಮೇಲೆಯೂ ಅವುಗಳ ಆಯುಷ್ಯ ತಗ್ಗಿತು.

ಇದರಲ್ಲಿ ಸೈನಿಕನ ಮಟ್ಟಿಗೆ ಒಂದು ವಿಪರ್ಯಾಸವಿದೆ. ಹತ್ತಿಯ ಖಾಕಿಯನ್ನು ಕುದಿಸಬಹುದು, ಬಡಿಯಬಹುದು, ಕಾದ ಇಸ್ತ್ರಿ ಎಳೆಯಬಹುದು. ಚಳಿಗಾಲದ ಉಣ್ಣೆಯ ಕೋಟನ್ನೂ ಕಂಬಳಿಯನ್ನೂ ಕುದಿಸಿದರೆ ಅವು ಕುಗ್ಗಿ ಕೆಡುತ್ತವೆ. ವೈರಾಣುವನ್ನು ಹೆಚ್ಚು ಕಾಲ ಕಾಪಾಡುವ ಬಟ್ಟೆಯೇ ಬಿಸಿನೀರನ್ನು ಸಹಿಸದ ಬಟ್ಟೆ. ಫೋರ್ಟ್ ಪಿಟ್ಟಿನವರು ಆರಿಸಿದ್ದೂ ಕಂಬಳಿಯನ್ನೇ ಎಂಬುದು ಇಲ್ಲಿ ನೆನಪಾಗುತ್ತದೆ.

ಅದೇ ತಂಡದವರು ಮುಂದೆ 1971ರಲ್ಲಿ ಪೋಲಿಯೋ ವೈರಾಣು ಹತ್ತಿದ ಬಟ್ಟೆಗಳನ್ನು ಒಗೆದು ನೋಡಿದರು. ಮಾರ್ಜಕ ಯಾವುದೆಂಬುದಕ್ಕಿಂತ ನೀರಿನ ಬಿಸಿ ಎಷ್ಟೆಂಬುದೇ ಮುಖ್ಯವೆಂದು ತಿಳಿಯಿತು. 54ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಮಾಡಿದ ಕೆಲಸವನ್ನು ತಣ್ಣೀರು ಮಾಡಲಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಗಹನವಾದುದು: ಜೊತೆಯಲ್ಲಿ ಹಾಕಿದ್ದ ಶುದ್ಧವಾದ ಬಟ್ಟೆಗೂ ವೈರಾಣು ದಾಟಿತ್ತು. ಒಗೆತದ ಮೇಲೆ ಚೆನ್ನಾಗಿ ಒಣಗಿಸಿದಾಗ ಉಳಿದುದೂ ಬಹುಮಟ್ಟಿಗೆ ಇಳಿಯಿತು. 2007ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಗೆರ್ಬಾ ಮತ್ತು ಕೆನಡಿ ಎಂಬುವರು ಮನೆಯ ಒಗೆತದ ರೀತಿಯಲ್ಲಿಯೇ ಕರುಳಿನ ವೈರಾಣುಗಳನ್ನು ಪರೀಕ್ಷಿಸಿ, ಬರಿಯ ಮಾರ್ಜಕದಿಂದ ಅವು ಪೂರ್ತಿ ಹೋಗವೆಂದೂ, ಬಿಳಿಚುವ ಕ್ಲೋರಿನ್ ದ್ರಾವಣ ಸೇರಿಸಿದರೆ ನೂರಕ್ಕೆ 99.99ರಷ್ಟು ಹೋಗುವುವೆಂದೂ ತೋರಿಸಿದರು. ನೂರಕ್ಕೆ ತೊಂಬತ್ತೊಂಬತ್ತು ಹೋಯಿತೆಂದರೆ ನಮಗೆ ಸಮಾಧಾನ. ಆದರೆ ಒಂದು ಲಕ್ಷ ಕಣಗಳಲ್ಲಿ ಅಷ್ಟು ಹೋದರೂ ಸಾವಿರ ಉಳಿಯುತ್ತವೆ, 99.99 ಹೋದರೆ ಉಳಿಯುವುದು ಹತ್ತು. ದಶಾಂಶದ ಬಿಂದುವಿನ ಆಚೆ ಇರುವುದು ಗಣಿತದ ಅಲಂಕಾರವಲ್ಲ.

ಇಷ್ಟಾದ ಮೇಲೆ ನಮ್ಮ ನೆರೆಮನೆಯ ತಾಯಿ ಹೇಳಿದ ಉಬ್ಬೆಯ ಕಡೆಗೆ ಬರೋಣ. ಈಗಿನ ಪೀಳಿಗೆಗೆ ಆ ಕ್ರಮವನ್ನು ವಿವರಿಸಬೇಕಾಗಿದೆ. ಮಡಿವಾಳರು ಬಟ್ಟೆಯನ್ನು ಮೊದಲು ಸವಳು ಮಣ್ಣಿನ ನೀರಿನಲ್ಲಿ ನೆನೆಸುತ್ತಿದ್ದರು. ಆ ಮಣ್ಣಿನಲ್ಲಿ ಸೋಡಾ ಉಂಟು, ತೀಕ್ಷ್ಣವಾದ ಕ್ಷಾರ. ಆಮೇಲೆ ಬಟ್ಟೆಯನ್ನು ಹಿಂಡಿ, ನೀರು ಕುದಿಯುವ ದೊಡ್ಡ ಪಾತ್ರೆಯ ಮೇಲೆ ಸುತ್ತುಸುತ್ತಾಗಿ ಒಟ್ಟಿ, ಕೆಳಗೆ ಉರಿ ಹಾಕಿ, ಬಹಳ ಹೊತ್ತು ಹಬೆಯಲ್ಲಿ ಬೇಯಿಸುತ್ತಿದ್ದರು. ಇದೇ ಉಬ್ಬೆ. ಬೆಳಗಾದರೆ ಹೊಳೆಯ ಬಂಡೆಯ ಮೇಲೆ ಸೆಣೆದು, ಹರಿಯುವ ನೀರಿನಲ್ಲಿ ಜಾಲಿಸಿ, ಮರಳದಿಣ್ಣೆಯ ಮೇಲೆ ಬಿಸಿಲಿಗೆ ಹರವುವುದು. ಕೊನೆಗೆ ಗಂಜಿ, ನೀಲಿ, ಇದ್ದಿಲ ಇಸ್ತ್ರಿ.

ಈ ಒಂದೊಂದು ಹಂತವನ್ನೂ ಈಗಿನ ತಿಳಿವಿನ ಬೆಳಕಿನಲ್ಲಿ ನೋಡಿದರೆ ಆಶ್ಚರ್ಯವಾಗುತ್ತದೆ. ವೈರಾಣುಗಳಲ್ಲಿ ಎರಡು ಜಾತಿಯುಂಟೆಂದು ಸ್ಥೂಲವಾಗಿ ಹೇಳಬಹುದು. ಇನ್‌ಫ್ಲುಯೆಂಜಾ, ಕೊರೋನಾ, ದಡಾರ ಇವುಗಳ ವೈರಾಣುಗಳಿಗೆ ಕೊಬ್ಬಿನ ಹೊದಿಕೆಯಿದೆ. ಸಾಬೂನು ಆ ಕೊಬ್ಬನ್ನು ಬಿಡಿಸಿದೊಡನೆ ಅವು ಕೈಲಾಗದವಾಗುತ್ತವೆ. ಪೋಲಿಯೋ, ಕಾಮಾಲೆಯ ಒಂದು ಬಗೆ, ವಾಂತಿಭೇದಿಯ ಕೆಲವು ವೈರಾಣುಗಳಿಗೆ ಆ ಹೊದಿಕೆಯಿಲ್ಲ. ಇವು ಬತ್ತಲೆ ವೈರಾಣುಗಳು. ಇವುಗಳ ಮೇಲೆ ಸಾಬೂನಿನ ಬಲ ನಡೆಯುವುದು ಕಡಿಮೆ. ಇವಕ್ಕೆ ಬಿಸಿ ಬೇಕು. ಕ್ಷಾರ, ಹಬೆ, ಬಡಿತ, ಹರಿಯುವ ನೀರು, ಬಿಸಿಲು, ಇಸ್ತ್ರಿ ಹೀಗೆ ಒಂದರ ಹಿಂದೆ ಒಂದು ಬರುವ ಉಬ್ಬೆಯ ಕ್ರಮದಲ್ಲಿ ಒಂದರಿಂದ ತಪ್ಪಿಸಿಕೊಂಡುದು ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ಬಟ್ಟೆಯ ಸೋಂಕು ಕಳೆಯಲು ಒಣಬಿಸಿಗಿಂತ ಹಬೆ ಮೇಲೆಂದು ಜರ್ಮನಿಯ ಕಾಕ್ ಮತ್ತು ಅವನ ಶಿಷ್ಯರು 1881ರಲ್ಲಿ ಸಾಧಿಸಿದರು. ಕಾರಣ ಅರಿಯದೆಯೇ ಹಬೆಯ ಬಳಕೆಯನ್ನು ಅರಿತವರು ನಮ್ಮ ಹೊಳೆಯ ದಂಡೆಗಳಲ್ಲಿ ಅದಾಗಲೇ ಇದ್ದರು. ಇದನ್ನು ‘ಎಲ್ಲವೂ ನಮ್ಮಲ್ಲಿತ್ತು’ ಎಂಬ ಹೆಮ್ಮೆಯ ಮಾತಾಗಿ ತೆಗೆದುಕೊಳ್ಳಬಾರದು. ಹಾಗಿದ್ದರೆ ಸಿಡುಬು ನಮ್ಮನ್ನು 1975ರವರೆಗೆ ಕಾಡುತ್ತಿರಲಿಲ್ಲ. ಅದನ್ನು ಕೊನೆಗಾಣಿಸಿದ್ದು ಲಸಿಕೆ, ಉಬ್ಬೆಯಲ್ಲ.

ಬಟ್ಟೆಯನ್ನು ದೂರುವುದರಲ್ಲಿಯೂ ಒಂದು ಮಿತಿಯುಂಟೆಂದು ಕಲಿಸಿದ್ದು ಒಂದು ಸೈನಿಕ ಪ್ರಯೋಗ. ಹತ್ತೊಂಬತ್ತನೆಯ ಶತಮಾನದಲ್ಲಿ ಹಳದಿ ಜ್ವರವೂ ರೋಗಿಯ ಬಟ್ಟೆಯಿಂದಲೇ ಹರಡುತ್ತದೆಂದು ವೈದ್ಯರು ನಂಬಿದ್ದರು. ಬಂದರುಗಳಲ್ಲಿ ಹಾಸಿಗೆಗಳನ್ನು ಸುಡುತ್ತಿದ್ದರು. 1900ರಲ್ಲಿ ಕ್ಯೂಬಾದಲ್ಲಿ ಅಮೆರಿಕದ ಸೈನ್ಯದ ವೈದ್ಯ ವಾಲ್ಟರ್ ರೀಡ್ ಒಂದು ಪುಟ್ಟ ಮರದ ಮನೆ ಕಟ್ಟಿಸಿ, ಹಳದಿ ಜ್ವರದಿಂದ ಸತ್ತವರ ಕೊಳೆಯಾದ ಉಡುಪು ಹಾಸಿಗೆಗಳನ್ನು ಅದರಲ್ಲಿ ತುಂಬಿಸಿದ. ಒಬ್ಬ ವೈದ್ಯನೂ ಇಬ್ಬರು ಸಿಪಾಯಿಗಳೂ ತಾವಾಗಿ ಮುಂದೆ ಬಂದು 20 ರಾತ್ರಿ ಅದರಲ್ಲಿಯೇ ಮಲಗಿದರು. ಒಬ್ಬನಿಗೂ ಜ್ವರ ಬರಲಿಲ್ಲ. ಸೊಳ್ಳೆ ಕಚ್ಚಿದವರಿಗೆ ಬಂದಿತು. ಮೂಗು ಮುಚ್ಚಿಕೊಳ್ಳುವಂತಹ ಆ ಗಂಟಿನಲ್ಲಿ ರೋಗವಿರಲಿಲ್ಲ; ಪಕ್ಕದ ಶುಚಿಯಾದ ಮನೆಯಲ್ಲಿ ಹಾರಾಡುತ್ತಿದ್ದ ಸೊಳ್ಳೆಯಲ್ಲಿತ್ತು.

ಈ ಕಥೆಯ ಮುಂದಿನ ಅಧ್ಯಾಯ ನಮ್ಮ ಜಿಲ್ಲೆಯಲ್ಲಿಯೇ ನಡೆಯಿತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜ್ವರ. ಸುದ್ದಿ ಕೇಳಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಅನುಮಾನ ಇದೇ ಹಳದಿ ಜ್ವರದ್ದು. ಅದು ಕಡೆಗೂ ಭಾರತಕ್ಕೆ ಬಂದಿತೇ ಎಂಬ ಭಯ. ಬಂದು ನೋಡಿದಾಗ ಸಿಕ್ಕಿದ್ದು ಹೊಸದೊಂದು ವೈರಾಣು. ಹಳದಿ ಜ್ವರದ ಕುಲಕ್ಕೇ ಸೇರಿದ್ದು. ಆದರೆ ಅದನ್ನು ಹೊತ್ತು ತರುವುದು ಸೊಳ್ಳೆಯಲ್ಲ, ಉಣುಗು. ಇದೇ ನಮ್ಮ ಮಂಗನ ಕಾಯಿಲೆ. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಸೌದೆಗೆ, ಸೊಪ್ಪಿಗೆ, ದನಗಳ ಹಿಂದೆ ಕಾಡಿಗೆ ಹೋದವರ ಮೈಗೂ ಬಟ್ಟೆಗೂ ಎಳ್ಳುಕಾಳಿನಂತಹ ಉಣುಗು ಅಂಟಿಕೊಂಡು ಬರುತ್ತದೆ.

ಅಂದರೆ ಇಲ್ಲಿ ಬಟ್ಟೆ ವೈರಾಣುವಿಗೆ ಮನೆಯಲ್ಲ. ವೈರಾಣುವನ್ನು ಹೊತ್ತ ಹುಳಕ್ಕೆ ಗಾಡಿ. ಆದರೂ ಆರೋಗ್ಯ ಇಲಾಖೆ ಮಲೆನಾಡಿನವರಿಗೆ ಹೇಳುತ್ತ ಬಂದಿರುವುದು ಒಗೆಯುವ ಮಾತನ್ನೇ: ಕಾಡಿನಿಂದ ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಇಲ್ಲಿಯೂ ‘ಬಿಸಿ’ ಎಂಬ ಮಾತಿನಲ್ಲಿಯೇ ಗುಟ್ಟಿದೆ. ಅಮೆರಿಕದ ಒಂದು ಜಾತಿಯ ಉಣುಗಿನ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತಣ್ಣೀರಿನ ಒಗೆತವನ್ನು ಅನೇಕ ಉಣುಗುಗಳು ಜೀವಸಹಿತ ದಾಟಿ ಬಂದವು. 54 ಡಿಗ್ರಿ ಮೀರಿದ ನೀರಿನಲ್ಲಿ ಒಂದೂ ಉಳಿಯಲಿಲ್ಲ. ಪೋಲಿಯೋ ವೈರಾಣುವಿಗೆ 1971ರಲ್ಲಿ ಕಂಡ ಗಡಿಯೂ ಬಹುಮಟ್ಟಿಗೆ ಅದೇ. ಕಣ್ಣಿಗೆ ಕಾಣುವ ಹುಳಕ್ಕೂ ಕಾಣದ ಕಣಕ್ಕೂ ಹಂಡೆಯ ನೀರು ಒಂದೇ ನ್ಯಾಯ ಹೇಳುತ್ತದೆ.

ಸೈನ್ಯಗಳು ಈ ಸಮಸ್ಯೆಗೆ ಇನ್ನೊಂದು ದಾರಿಯನ್ನೂ ಹುಡುಕಿದವು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಾಡುಗಳಲ್ಲಿ ಸಿಪಾಯಿಗಳನ್ನು ಕಾಡಿದ ಪೊದೆಜ್ವರಕ್ಕೆ ಕಾರಣ ವೈರಾಣುವಲ್ಲ, ನುಸಿಯ ಮೂಲಕ ಬರುವ ಬೇರೊಂದು ಸೂಕ್ಷ್ಮಜೀವಿ. ಅದನ್ನು ತಡೆಯಲು ಡೈಬ್ಯುಟೈಲ್ ಥ್ಯಾಲೇಟ್ ಎಂಬ ದ್ರವವನ್ನು ಸಮವಸ್ತ್ರಕ್ಕೆ ತಿಕ್ಕುತ್ತಿದ್ದರು. ಒಗೆದರೂ ಅದು ಬಟ್ಟೆಯಲ್ಲಿ ಉಳಿಯುತ್ತದೆಂಬುದೇ ಅದರ ಹಿರಿಮೆ. ಈಗ ಅಮೆರಿಕದ ಸೈನಿಕರ ಸಮವಸ್ತ್ರಕ್ಕೆ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಕಾರ್ಖಾನೆಯಲ್ಲಿಯೇ ಕೂಡಿಸಿ, ಸುಮಾರು 50 ಒಗೆತದವರೆಗೆ ಬಾಳುವಂತೆ ಮಾಡುತ್ತಾರೆ. ಒಗೆದಾಗ ವೈರಾಣು ಹೋಗಬೇಕು, ಔಷಧಿ ಹೋಗಬಾರದು. ನಮ್ಮಲ್ಲಿ ಮಂಗನ ಕಾಯಿಲೆಯ ಹಳ್ಳಿಗಳಿಗೆ ಹಂಚುವ ಡೀಪಾ ಎಣ್ಣೆಯೂ ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದುದು. ಯೋಧನಿಗೆಂದು ಹುಟ್ಟಿದ ವಿದ್ಯೆ ದರಕು ತರುವ ಹೆಂಗಸಿನ ಕೈ ಸೇರಿದೆ. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ರೋಗ ಮಾಡಿದ ಅನಾಹುತವನ್ನು ಕಂಡವರಿಗೆ, ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತೆಂಬುದನ್ನು ಬಲ್ಲವರಿಗೆ, ಆ ಎಣ್ಣೆಯ ಬೆಲೆಯೂ ಬಿಸಿನೀರಿನ ಬೆಲೆಯೂ ತಿಳಿದೀತು.

ಹಾಗಾದರೆ ನನ್ನ ನೆರೆಮನೆಯ ತರುಣನ ಬಕೀಟಿನಲ್ಲಿ ನಡೆದುದೇನು? ಕೊರೋನಾ ಕೊಬ್ಬಿನ ಹೊದಿಕೆಯ ವೈರಾಣು. ಅವನ ಸೋಪಿನ ನೀರು ಅದಕ್ಕೆ ಬಹುಮಟ್ಟಿಗೆ ಸಾಕಾಗಿತ್ತು. ಆ ರೋಗ ಮುಖ್ಯವಾಗಿ ಉಸಿರಿನಿಂದ ಹರಡುವುದೆಂದೂ, ಮುಟ್ಟಿದ ವಸ್ತುಗಳಿಂದ ಬರುವ ಅಪಾಯ ಬಹಳ ಕಡಿಮೆಯೆಂದೂ ಒಂದು ವರ್ಷದೊಳಗೆ ಸ್ಪಷ್ಟವಾಯಿತು. ಆ ಮಟ್ಟಿಗೆ ಮಗ ಗೆದ್ದ. ಆದರೆ ರೋಗಿಗಳ ವಾಂತಿ ಭೇದಿ ಹತ್ತಿದ ಬಟ್ಟೆಯಾಗಿದ್ದರೆ, ಕಾಡು ಸುತ್ತಿ ಬಂದ ಬಟ್ಟೆಯಾಗಿದ್ದರೆ, ತಾಯಿ ಹೇಳಿದ್ದೇ ಸರಿ. ರೋಗ ಯಾವುದೆಂದು ತಿಳಿಯದಿರುವಾಗ ಯಾರ ಮಾತು ಕೇಳಬೇಕೆಂಬುದನ್ನು ಓದುಗರೇ ತೀರ್ಮಾನಿಸಬಹುದು.

ಈಚಿನ ಸಮವಸ್ತ್ರ ಹೆಚ್ಚಾಗಿ ಪಾಲಿಯೆಸ್ಟರ್ ಬೆರೆತ ಬಟ್ಟೆ. ಅದಕ್ಕೆ ಗಂಜಿ ಬೇಡ, ಬಡಿತ ಬೇಡ, ಉಬ್ಬೆ ಬೇಡ. ತಣ್ಣೀರಿನ ಯಂತ್ರದಲ್ಲಿ ತಿರುಗಿಸಿದರೆ ಕೊಳೆ ಹೋಯಿತು. ಅನುಕೂಲವೇ. ಹೆಣ್ಣುಮಕ್ಕಳ ಬೆನ್ನು ಉಳಿಯಿತು. ಮಡಿವಾಳರ ಮಕ್ಕಳು ಶಾಲೆಗೆ ಹೋದರು. ಹೊಳೆಗೆ ಇಳಿಯುವ ಆ ಕಷ್ಟದ ಬಾಳು ಮರಳಿ ಬರಲೆಂದು ನಾನು ಹಾರೈಸುವುದಿಲ್ಲ. ಆದರೆ ಕೊಳೆ ಹೋಗುವುದಕ್ಕೂ ಮೈಲಿಗೆ ಹೋಗುವುದಕ್ಕೂ ಅಂತರವುಂಟೆಂಬ ತಿಳಿವು ಆ ಹಂಡೆಯೊಡನೆ ಹೋಗಿಬಿಟ್ಟರೆ ನಷ್ಟ ನಮ್ಮದೇ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಒಗೆತದಿಂದ ವೈರಾಣು ಮಾಯವಾಗುವುದಿಲ್ಲ. ಒಂದು ಪಾಲು ಸಾಯುತ್ತದೆ, ಒಂದು ಪಾಲು ನೀರಿಗೆ ಹೋಗುತ್ತದೆ, ಒಂದು ಪಾಲು ಒಗೆಯುವವರ ಕೈಗೆ ಅಂಟುತ್ತದೆ. ಯುದ್ಧದಲ್ಲಿ ಗೆದ್ದವರ ಹೆಸರು ಕಲ್ಲಿನ ಮೇಲಿದೆ. ಅವರ ಉಡುಪನ್ನು ಮಡಿ ಮಾಡಿಕೊಟ್ಟವರ ಹೆಸರು ಎಲ್ಲಿಯೂ ಇಲ್ಲ. ಆದರೆ ಒಂದು ಕಾಲಕ್ಕೆ ಪ್ರತಿ ಬಟ್ಟೆಯ ಮೂಲೆಯಲ್ಲಿ ಗೇರಿನ ರಸದಿಂದ ಇಟ್ಟ ಅವರ ಗುರುತೊಂದು ಇರುತ್ತಿತ್ತು. ಎಷ್ಟು ಒಗೆದರೂ ಹೋಗದ ಗುರುತು. ಆಸ್ಪತ್ರೆಗಳ ಹಾಸಿಗೆ ಹೊದಿಕೆಗಳ ಗಂಟನ್ನು ಈ ಹೊತ್ತು ಬಿಚ್ಚುತ್ತಿರುವ ಕೈಗಳಿಗೆ ಒಂದು ಜೊತೆ ಗಟ್ಟಿ ಕೈಗವಸವನ್ನೂ ಬೇಕಾದಷ್ಟು ಬಿಸಿನೀರನ್ನೂ ಒದಗಿಸುವುದು, ಆ ಗುರುತಿಗೆ ನಾವು ತೀರಿಸಬೇಕಾದ ಋಣ.